ಗಿಣಿಮೂತಿ, ತೋತಾಪುರಿ, ಬ್ಯಾಂಗಲೋರಾ: ಹಣ್ಣು ಒಂದೇ, ನಂಬರೂ ಒಂದೇ

ಶ್ರೀನಿವಾಸಪುರದ ತೋಪಿನಲ್ಲಿ ಗಿಣಿಮೂತಿ ಅಂತೀವಿ, ಮಂಡಿಯಲ್ಲಿ ತೋತಾಪುರಿ ಅಂತಾರೆ, ತೋಟಗಾರಿಕೆ ಪುಸ್ತಕದಲ್ಲಿ ಬ್ಯಾಂಗಲೋರಾ. ಹೆಸರು ಮೂರಾದರೂ ತಳಿ ಒಂದೇ ಅಂತ ನಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಗಿಣಿಮೂತಿ ಅಂತ ಹುಡುಕಿದವರಿಗೆ ತೋತಾಪುರಿ ಮಾಹಿತಿ ಸಿಗಬೇಕಾದರೆ ಯಾರಾದರೂ ಅದಕ್ಕೆ ಹೇಳಿಕೊಡಬೇಕು.

ಹಾಗೆ ಹೇಳಿಕೊಡುವ ಒಂದು ಜಾಗ ವಿಕಿಡೇಟಾ. 2012ರಲ್ಲಿ ಶುರುವಾದ ಈ ಮುಕ್ತ ಮಾಹಿತಿ ಕಣಜಕ್ಕೆ ನೀವೂ ಮೊಬೈಲಿನಿಂದಲೇ ಕನ್ನಡ ಹೆಸರು ಸೇರಿಸಬಹುದು. ಪದ್ಧತಿ ಇಷ್ಟೇ:

1. ಮೊದಲು ಹುಡುಕಿ. ಒಂದು ತಳಿಗೆ ‘ಕ್ಯೂ’ ಅಕ್ಷರದ ಒಂದೇ ನಂಬರ್. ಇರುವುದಕ್ಕೆ ಇನ್ನೊಂದು ಪುಟ ಮಾಡಬೇಡಿ.

2. ಹೆಚ್ಚು ಬಳಕೆಯ ಹೆಸರು ಮೇಲೆ, ಉಳಿದವು ‘ಇತರ ಹೆಸರು’ಗಳ ಜಾಗದಲ್ಲಿ.

3. ತಳಿ ಬೇರೆಯಾದರೆ ನಂಬರೂ ಬೇರೆ. ಮಲ್ಲಿಕಾ ಹುಟ್ಟಿದ್ದು ನೀಲಂ, ದಶೇರಿ ಸಂಕರಣದಿಂದ. ಅದನ್ನು ನೀಲಂಗೆ ಸೇರಿಸಬಾರದು.

4. ಚಿಕ್ಕ ವಿವರಣೆ ಕೊಡಿ. ಬಾದಾಮಿ ಅಂದ್ರೆ ಊರೂ ಹೌದು, ಬೀಜವೂ ಹೌದು. ‘ಮಾವಿನ ತಳಿ’ ಅಂತ ಬರೆದರೆ ಗೊಂದಲ ಇಲ್ಲ. ಹೊಗಳಿಕೆ ಬೇಡ.

5. ಬರೆದ ಸಂಗತಿಗೆ ಆಧಾರ ತೋರಿಸಿ. ‘ನಮ್ಮ ತೋಟದಲ್ಲಿ ಕಂಡಿದ್ದೀನಿ’ ಅಂದರೆ ಸಾಲದು.

ಮಾಲೂರು, ಮುಳಬಾಗಿಲು ಕಡೆಯವರೂ ಈ ವಾರ ಮನೆಯ ಹಿರಿಯರನ್ನು ಕೇಳಿ, ತೋಪಿನ ಮರಗಳ ಹೆಸರು ಬರೆದಿಟ್ಟುಕೊಳ್ಳಿ. ಅವರ ಬಾಯಲ್ಲಷ್ಟೇ ಇರುವ ಹೆಸರು ಅವರೊಟ್ಟಿಗೇ ಹೋಗಿಬಿಡುತ್ತೆ.