ಮನೆಬಾಗಿಲಿಗೆ ಬರುವ ದಾದಿ

ದಾದಿಯ ಕೆಲಸವು ರೋಗಿಯ ಹಾಸಿಗೆಯ ಬಳಿಯಲ್ಲೇ ಮುಗಿಯುವದೋ?

ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದ ವರ್ತಕನಾದ ವಿಲಿಯಂ ರಾಥ್‌ಬೋನ್ ಎಂಬವನು, ತನ್ನ ಪತ್ನಿಯನ್ನು ಅಂತ್ಯಕಾಲದಲ್ಲಿ ಉಪಚರಿಸಿದ ಮೇರಿ ರಾಬಿನ್‌ಸನ್ ಎಂಬ ದಾದಿಯನ್ನು 1859ರಲ್ಲಿ ಬಡವರ ಮನೆಗಳಿಗೆ ಮೂರು ತಿಂಗಳ ಮಟ್ಟಿಗೆ ಕಳುಹಿಸಿದನು. ಆಕೆಯು ಅಲ್ಲಿಯ ಸಂಕಟವನ್ನು ತಾಳಲಾರದೆ ಅಳುತ್ತಾ ಬಂದು ಬಿಡುಗಡೆಯನ್ನು ಬೇಡಿದಳು. ಆದರೂ ಅವನ ಮಾತಿಗೆ ಒಪ್ಪಿ ಮುಂದರಿಸಿದಳು. ಅವಧಿಯು ತೀರಿದಾಗ ಆ ಸೇವೆಯನ್ನು ಬಿಡಲೊಲ್ಲದೆ ಹೋದಳು. ಯಾಕಂದರೆ ಶುಶ್ರೂಷೆಯಿಂದಲೂ ಮನೆಯವರಿಗೆ ಕೊಟ್ಟ ಬೋಧನೆಯಿಂದಲೂ ಆಗುವ ಮೇಲನ್ನು ಕಣ್ಣಾರೆ ಕಂಡಿದ್ದಳು.

ನಮ್ಮ ಹಳ್ಳಿಗಳಿಗೆ ಬರುವ ದಾದಿಯ ಕೆಲಸವೂ ಇದೇ ತರದ್ದು. ಅದು ಮೂರು ವಿಧ. ಕ್ಷಯರೋಗವನ್ನೇ ನೋಡಿರಿ. ಹುಟ್ಟಿದ ಕೂಸಿಗೆ ಬಿ.ಸಿ.ಜಿ. ಲಸಿಕೆ ಹಾಕಿಸಿ ರೋಗವನ್ನು ತಡೆಯುವದು ಮೊದಲನೆಯದು. ಎರಡು ವಾರಕ್ಕೆ ಮೀರಿ ಕೆಮ್ಮುವವನ ಕಫವನ್ನು ಪರೀಕ್ಷೆ ಮಾಡಿಸಿ, ಔಷಧವನ್ನು ನಡುವೆ ಬಿಡದಂತೆ ನೋಡುವದು ಎರಡನೆಯದು. ಗುಣವಾದವನು ತಿರಿಗಿ ಬಲಹೊಂದಿ ದುಡಿಯುವಂತೆ ಸಹಾಯ ಮಾಡುವದು ಮೂರನೆಯದು.

ಆದಕಾರಣ ಆಕೆಯು ಒಬ್ಬನನ್ನಲ್ಲ, ಅವನ ಮನೆಯನ್ನೂ ಊರನ್ನೂ ಉಪಚರಿಸುವಳು. ಆಕೆಯು ನಿಮ್ಮ ಬಾಗಿಲಿಗೆ ಬಂದಾಗ, ಕೆಮ್ಮುವವನನ್ನು ನಾಚಿಕೆಯಿಂದ ಒಳಕೋಣೆಯಲ್ಲಿ ಅಡಗಿಸಬೇಡಿರಿ. ಅಡಗಿಸಿದ ರೋಗವು ಮಕ್ಕಳಿಗೆ ಹಂಚಲ್ಪಡುವದು.