ವಾಸದ ಮನೆ ಬದಲಿಸುವಾಗ ಊರಮನೆ ಅಡ್ಡಿಯೇ?

ಹಳೇಕೋಟೆಯಲ್ಲಿ ಹಿರಿಯರ ಮನೆ, ಹೊಳೆನರಸೀಪುರದಲ್ಲಿ ವಾಸದ ಮನೆ. ಮಕ್ಕಳ ಓದಿಗೆಂದು ಪೇಟೆಯ ಮನೆ ಮಾರಿ ಹಾಸನದಲ್ಲಿ ಮನೆ ಕೊಳ್ಳಹೊರಟವರು ಮೊದಲು ಕೇಳುವುದು ಇದನ್ನೇ: ಊರಲ್ಲಿ ಇನ್ನೊಂದು ಮನೆಯಿದ್ದರೆ ನೋಂದಣಿಗೆ ಹೆಚ್ಚು ಕಟ್ಟಬೇಕೇ? ಬೇಕಿಲ್ಲ. ಕರ್ನಾಟಕದಲ್ಲಿ ನಿಮಗೆ ಎಷ್ಟು ಮನೆಗಳಿದ್ದರೂ ಶುಲ್ಕದ ದರ ಒಂದೇ.

ಕೊಳ್ಳುವಾಗ
ಮುದ್ರಾಂಕ ಶುಲ್ಕ ಸಾಮಾನ್ಯವಾಗಿ ಶೇ 5. ಆ ಶುಲ್ಕದ ಮೇಲೆ ಶೇ 10 ಸೆಸ್, ನಗರದಲ್ಲಿ ಶೇ 2, ಹಳ್ಳಿಯಲ್ಲಿ ಶೇ 3 ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಹಾಸನ ನಗರದಲ್ಲಿ 40 ಲಕ್ಷದ ಮನೆಗೆ ಒಟ್ಟು 3,04,000 ರೂಪಾಯಿ. ಕ್ರಯದ ಮೊತ್ತ, ಸರ್ಕಾರಿ ಮಾರ್ಗಸೂಚಿ ಬೆಲೆ ಇವೆರಡರಲ್ಲಿ ಹೆಚ್ಚಿನದರ ಮೇಲೆ ಈ ಲೆಕ್ಕ.

ಮಾರುವಾಗ
24 ತಿಂಗಳಿಗಿಂತ ಹೆಚ್ಚು ಕಾಲ ನಿಮ್ಮದಾಗಿದ್ದ ಮನೆ ಮಾರಿದ ಲಾಭಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯ 54ನೇ ಕಲಂನಲ್ಲಿದ್ದ ವಿನಾಯಿತಿ ಸಿಗುತ್ತದೆ. ಮಾರಾಟಕ್ಕೆ ಹಿಂದಿನ ಒಂದು ವರ್ಷದೊಳಗೆ ಅಥವಾ ನಂತರದ ಎರಡು ವರ್ಷದೊಳಗೆ ಮನೆ ಕೊಂಡಿರಬೇಕು. ಕಟ್ಟಿಸುವುದಾದರೆ ಮೂರು ವರ್ಷ. ಊರಮನೆ ಇದಕ್ಕೆ ಅಡ್ಡಿಯಲ್ಲ. ರಿಟರ್ನ್ಸ್ ಸಲ್ಲಿಸುವ ಗಡುವಿನೊಳಗೆ ಬಳಸದ ಲಾಭದ ಹಣವನ್ನು ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿಡಬೇಕು. ಹೊಸ ಮನೆಯನ್ನು ಮೂರು ವರ್ಷದೊಳಗೆ ಮಾರಿದರೆ ವಿನಾಯಿತಿ ಕೈತಪ್ಪುತ್ತದೆ. 2026ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ಕಾಯ್ದೆಯಲ್ಲಿ ಕಲಂ ಸಂಖ್ಯೆ ಬೇರೆ, ವಿನಾಯಿತಿ ಉಳಿದಿದೆ.

ಎಚ್ಚರ: ಸೈಟ್ ಮಾರಿದರೆ ನಿಯಮ ಬೇರೆ
ಮನೆಯ ಬದಲು ಖಾಲಿ ನಿವೇಶನ ಮಾರಿ ಮನೆ ಕೊಂಡರೆ ಅನ್ವಯಿಸುವುದು ಹಳೆಯ ಕಾಯ್ದೆಯ 54ಎಫ್ ಕಲಂನಲ್ಲಿದ್ದ ನಿಯಮ. ಮಾರುವ ದಿನ, ಹೊಸ ಮನೆ ಬಿಟ್ಟು ಒಂದಕ್ಕಿಂತ ಹೆಚ್ಚು ಮನೆ ನಿಮ್ಮದಾಗಿದ್ದರೆ ಈ ವಿನಾಯಿತಿ ಇಲ್ಲ. ಊರಲ್ಲೊಂದು, ಪೇಟೆಯಲ್ಲೊಂದು ಮನೆಯಿರುವವರು ಸೋಲುವುದು ಇಲ್ಲಿಯೇ. ಪೂರ್ಣ ವಿನಾಯಿತಿಗೆ ಇಲ್ಲಿ ಲಾಭವಷ್ಟೇ ಸಾಲದು, ಮಾರಾಟದಿಂದ ಬಂದ ಅಷ್ಟೂ ಹಣ ಮನೆಗೆ ಹೋಗಬೇಕು.

ಕಾಗದಪತ್ರ
• ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ಪಡೆಯಿರಿ. ಮಾರುವವರ ಇ-ಖಾತಾ ನೋಡಿ.
• ಹೊಸ ಮನೆಯ ಕ್ರಯಪತ್ರ ಹಳೆಯ ಮನೆ ಮಾರಿದವರ ಹೆಸರಿನಲ್ಲೇ ಇರಲಿ.
• ಮುಂಗಡವನ್ನೂ ಬ್ಯಾಂಕ್ ಮೂಲಕವೇ ಕೊಡಿ, ಪಡೆಯಿರಿ. 20,000 ರೂಪಾಯಿ ಅಥವಾ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು.
• ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ 1 ಟಿಡಿಎಸ್ ಕಡಿತ ಮಾಡಿ ಕಟ್ಟಬೇಕು.

ಕರಾರಿಗೆ ಸಹಿ ಹಾಕುವ ಮುನ್ನವೇ ನಿಮ್ಮ ಹೆಸರಿನ ಮನೆಗಳ ಪಟ್ಟಿಯೊಂದಿಗೆ ಲೆಕ್ಕಪರಿಶೋಧಕರನ್ನು ಕಾಣಿರಿ. ಮಾರಾಟದ ದಿನ ದಾಟಿದ ಮೇಲೆ 54ಎಫ್‌ನ ಮನೆ ಲೆಕ್ಕವನ್ನು ತಿದ್ದಲು ಬರುವುದಿಲ್ಲ.