ಸೋತ ಸ್ಲ್ಯಾಮ್ ತಪ್ಪು ಸ್ಲ್ಯಾಮೇ?

ಪ್ರಶ್ನೆ: ನಾನೂ ನನ್ನ ಭಾವನೂ ಜೋಡಿಯಾಗಿ ಬ್ರಿಡ್ಜ್ ಆಡುತ್ತೇವೆ. ಹೋದ ವಾರ ಆರು ಹಾರ್ಟ್ಸ್ ಬಿಡ್ ಮಾಡಿ ಒಂದು ಟ್ರಿಕ್ಕಿನಿಂದ ಸೋತೆ. ನನ್ನ ಕೈ: ಸ್ಪೇಡ್ ಎಕ್ಕ, ರಾಜ, 5, ಹಾರ್ಟ್ಸ್ ಎಕ್ಕ, ರಾಣಿ, ಗುಲಾಮ, 9, 4, ಡೈಮಂಡ್ ರಾಜ, 4, ಕ್ಲಬ್ 7, 5, 3. ಭಾವನ ಕೈ: ಸ್ಪೇಡ್ ರಾಣಿ, 6, 2, ಹಾರ್ಟ್ಸ್ ರಾಜ, 10, 7, 3, ಡೈಮಂಡ್ ಎಕ್ಕ, 8, 2, ಕ್ಲಬ್ ಎಕ್ಕ, ಗುಲಾಮ, 10. ಎಡಗಡೆಯವರು ಸ್ಪೇಡ್ ಗುಲಾಮ ಇಳಿಸಿದರು. ನಾನು ತುರುಫು ಎಳೆದು ಮುಗಿಸಿ, ಕ್ಲಬ್ಬಿನಲ್ಲಿ ಎರಡು ಸಲ ಫಿನೆಸ್ ಮಾಡಿದೆ. ರಾಜ, ರಾಣಿ ಎರಡೂ ಬಲಗಡೆಯವರ ಹತ್ತಿರವೇ ಇದ್ದವು. ‘33 ಪಾಯಿಂಟ್ ಇಲ್ಲದೆ ಸ್ಲ್ಯಾಮಿಗೆ ಏರಿದ್ದೇ ತಪ್ಪು’ ಎಂದು ಭಾವ ಇನ್ನೂ ಸಿಡುಕುತ್ತಿದ್ದಾರೆ. ಯಾರು ಸರಿ?

ಉತ್ತರ: ಬಿಡ್ಡಿನ ಮಟ್ಟಿಗೆ ನೀವೇ ಸರಿ. ಆಟದ ವಿಚಾರ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಲೆಕ್ಕ ನೋಡಿ. ಹಳೆಯ ಆಕ್ಷನ್ ಬ್ರಿಡ್ಜಿನಲ್ಲಿ ಹನ್ನೆರಡು ಟ್ರಿಕ್ ಬಂದರೆ ಸಾಕು, ಕೂಗಿರಲಿ ಬಿಡಲಿ, ಸ್ಲ್ಯಾಮಿನ ಬೋನಸ್ ಸಿಗುತ್ತಿತ್ತು. 1925ರಲ್ಲಿ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಹಡಗಿನ ಪ್ರಯಾಣವೊಂದರಲ್ಲಿ ಕೂತು ಹೊಸ ಸ್ಕೋರಿಂಗ್ ಹೆಣೆದ ಮೇಲೆ ಕೂಗಿದವರಿಗಷ್ಟೇ ಬೋನಸ್ ಎಂದಾಯಿತು. ಈ ತಲೆನೋವೆಲ್ಲ ಶುರುವಾದದ್ದು ಅಲ್ಲಿಂದ. ನೀವು ವಲ್ನರಬಲ್ ಅಲ್ಲ ಎಂದುಕೊಳ್ಳೋಣ. ನಾಲ್ಕು ಹಾರ್ಟ್ಸ್‌ನಲ್ಲಿ ನಿಂತು ಹನ್ನೆರಡು ಟ್ರಿಕ್ ಮಾಡಿದರೆ 480, ಆರು ಹಾರ್ಟ್ಸ್ ಕೂಗಿ ಮಾಡಿದರೆ 980. ಲಾಭ 500. ಹನ್ನೊಂದೇ ಟ್ರಿಕ್ ಬಂದರೆ ಗೇಮಿನವರಿಗೆ 450, ನಿಮಗೆ ಮೈನಸ್ 50. ನಷ್ಟವೂ 500. ವಲ್ನರಬಲ್ ಆಗಿದ್ದರೆ ಎರಡೂ ಕಡೆ 750. ಲಾಭನಷ್ಟ ಸಮ ಎಂದಮೇಲೆ ಸಣ್ಣ ಸ್ಲ್ಯಾಮಿಗೆ ಅರ್ಧಕ್ಕಿಂತ ಒಂದಿಷ್ಟು ಹೆಚ್ಚು ಅವಕಾಶವಿದ್ದರೆ ಏರುವುದೇ ಸರಿ. ಹದಿಮೂರರ ಗ್ರ್ಯಾಂಡ್ ಸ್ಲ್ಯಾಮ್ ಹಾಗಲ್ಲ. ಅಲ್ಲಿ ಎಡವಿದರೆ ಕೈಯಲ್ಲಿದ್ದ ಸಣ್ಣ ಸ್ಲ್ಯಾಮೂ ಹೋಗುತ್ತದೆ. ಒಟ್ಟು ಅಂಕಗಳ ಆಟದಲ್ಲಿ ಮೂರರಲ್ಲಿ ಎರಡು ಪಾಲು ಭರವಸೆ ಇಲ್ಲದೆ ಅದಕ್ಕೆ ಕೈ ಹಾಕಬಾರದು.

ಈಗ ನಿಮ್ಮ ಕೈ. ಸ್ಪೇಡ್ ಮೂರು, ಹಾರ್ಟ್ಸ್ ಐದು, ಡೈಮಂಡ್ ಎರಡು, ಕ್ಲಬ್ ಎಕ್ಕ: ಹನ್ನೊಂದು ಟ್ರಿಕ್ ಜೇಬಿನಲ್ಲೇ ಇವೆ. ಹನ್ನೆರಡನೆಯದಕ್ಕೆ ಕ್ಲಬ್ಬಿನ ರಾಜ, ರಾಣಿಗಳಲ್ಲಿ ಒಂದಾದರೂ ಎಡಗಡೆ ಇದ್ದರೆ ಸಾಕು. ಎರಡೂ ಬಲಗಡೆಯೇ ಕೂತಿರುವ ಸಂಭವ ಶೇ. 24ರಷ್ಟು. ಅಂದರೆ ಬರೀ ಫಿನೆಸ್ ನಂಬಿ ಕೂತರೂ ನಾಲ್ಕರಲ್ಲಿ ಮೂರು ಸಲ ಗೆಲ್ಲುವ ಸ್ಲ್ಯಾಮ್ ಅದು. ಭಾವನವರ 33ರ ಸೂತ್ರ ಸುಳ್ಳಲ್ಲ. ಆದರೆ ಅದು ಎರಡೂ ಕಡೆ ಸಮತೂಕದ ಕೈ ಹಿಡಿದು ಆರು ನೋ ಟ್ರಂಪ್ ಕೂಗುವವರಿಗೆ ಹೇಳಿದ ಮಾತು. ಒಂಬತ್ತು ತುರುಫು ಕೂಡಿದಾಗ 31 ಸಾಕು, ಕೆಲವೊಮ್ಮೆ 26 ಕೂಡ ಸಾಕು. ಪಾಯಿಂಟ್ ಎಷ್ಟಿವೆ ಎನ್ನುವುದಕ್ಕಿಂತ ಎಲ್ಲಿವೆ ಎನ್ನುವುದು ಮುಖ್ಯ. ನಿಮ್ಮ ಹತ್ತಿರ ಸ್ಪೇಡ್ ಒಂದೇ ಎಲೆ ಇದ್ದು, ಎದುರಿಗೆ ರಾಜ, ರಾಣಿ, ಗುಲಾಮ ಇದ್ದರೆ ಆ ಆರು ಪಾಯಿಂಟ್ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅದೇ ಜಾಗದಲ್ಲಿ ಎಕ್ಕ ಒಂದಿದ್ದರೆ ನಾಲ್ಕೇ ಪಾಯಿಂಟಿಗೆ ಕೆಲಸ ಆಗುತ್ತದೆ.

ಫಲ ನೋಡಿ ಬಿಡ್ ಅಳೆಯುವುದು ಗೆದ್ದೆತ್ತಿನ ಬಾಲ ಹಿಡಿಯುವ ಚಟ. 1975ರ ಬರ್ಮುಡಾ ಬೌಲ್ ಫೈನಲ್ ನೆನಪಿಸಿಕೊಳ್ಳಿ. ಅಮೆರಿಕದ ಎದುರು 92ನೇ ಬೋರ್ಡಿನಲ್ಲಿ ಇಟಲಿಯ ಬೆಲ್ಲಡೋನಾ, ಗರೋಝೊ ಜೋಡಿ ಏಳು ಕ್ಲಬ್ ಕೂಗಿತು. ತುರುಫಿನ ರಾಜ ಅವರ ಹತ್ತಿರ ಇರಲಿಲ್ಲ. ಒಂದು ಕೈಯಲ್ಲಿ ಎಕ್ಕ, ರಾಣಿ ಎರಡೇ ಎಲೆ. ರಾಜ ಫಿನೆಸ್ಸಿಗೆ ಸಿಗುವ ಕಡೆಯೇ ಇರಬೇಕು, ಜೊತೆಗೆ ಒಂದೇ ಎಲೆ ಇರಬೇಕು. ಅಮೆರಿಕದ ಎಡ್ಡಿ ಕಾಂಟಾರ್ ಕೈಯಲ್ಲಿ ಇದ್ದದ್ದು ರಾಜ ಮತ್ತು 10, ಅಷ್ಟೇ! ಆಚೆ ಮೇಜಿನಲ್ಲಿ ಅಮೆರಿಕದವರು ಆರು ನೋ ಟ್ರಂಪಿನಲ್ಲಿ ನಿಂತಿದ್ದರಿಂದ ಇಟಲಿಗೆ 12 ಇಂಪ್ ಲಾಭ. ಸೋತಿದ್ದರೆ 17 ಇಂಪ್ ಹೋಗುತ್ತಿತ್ತು. ಈ ಎರಡರ ನಡುವಿನ 29, ಪಂದ್ಯದ ಅಂತಿಮ ಅಂತರಕ್ಕಿಂತ ದೊಡ್ಡದು. ವಿಶ್ವಕಪ್ ಗೆದ್ದುಕೊಟ್ಟ ಆ ಬಿಡ್ ಕೆಟ್ಟ ಬಿಡ್ಡೇ. ಹಾಗೆ ಹೇಳಲು ನನಗೇನೂ ಸಂಕೋಚವಿಲ್ಲ.

ಇನ್ನು ನಿಮ್ಮ ಆಟ. ಇಲ್ಲಿ ನಾನು ಭಾವನ ಕಡೆ ವಾಲುತ್ತೇನೆ, ಅವರು ಕೊಟ್ಟ ಕಾರಣಕ್ಕಲ್ಲ. ಎದುರಾಳಿಗಳು ಸ್ಪೇಡ್ ಇಳಿಸಿದ ಗಳಿಗೆಯಲ್ಲೇ ಈ ಸ್ಲ್ಯಾಮ್ ಹೆಚ್ಚುಕಡಿಮೆ ಗೆದ್ದಾಗಿತ್ತು. ತುರುಫು ಎಳೆದ ಮೇಲೆ ಕ್ಲಬ್ ಮುಟ್ಟಬಾರದಿತ್ತು. ಡೈಮಂಡ್ ರಾಜ, ಎಕ್ಕ ಆಡಿ, ಮೂರನೆಯ ಡೈಮಂಡನ್ನು ನಿಮ್ಮ ಕೈಯಲ್ಲಿ ತುರುಫಿನಿಂದ ಕತ್ತರಿಸಬೇಕಿತ್ತು. ಸ್ಪೇಡ್ ಮೂರೂ ಸುತ್ತು ಮುಗಿಸಬೇಕಿತ್ತು. ಈಗ ಎರಡೂ ಕೈಗಳಲ್ಲಿ ಸ್ಪೇಡೂ ಇಲ್ಲ, ಡೈಮಂಡೂ ಇಲ್ಲ. ಎರಡರಲ್ಲೂ ತುರುಫು ಒಂದೊಂದಾದರೂ ಉಳಿದಿದೆ. ಆಗ ಕ್ಲಬ್ ಆಡಿ, ಡಮ್ಮಿಯಿಂದ 10 ಹಾಕಿ. ಬಲಗಡೆಯವರು ರಾಣಿಯಿಂದ ಹಿಡಿದರು ಎನ್ನಿ, ಮುಂದೇನು ಆಡುತ್ತಾರೆ? ಕ್ಲಬ್ ಆಡಿದರೆ ಡಮ್ಮಿಯ ಎಕ್ಕ, ಗುಲಾಮನ ಬಾಯಿಗೇ ಬಂದು ಬೀಳುತ್ತದೆ. ಸ್ಪೇಡ್ ಅಥವಾ ಡೈಮಂಡ್ ಆಡಿದರೆ ನೀವು ಡಮ್ಮಿಯಲ್ಲಿ ಕತ್ತರಿಸಿ, ನಿಮ್ಮ ಕೈಯಿಂದ ಒಂದು ಕ್ಲಬ್ ಎಸೆಯುತ್ತೀರಿ. ಅತ್ತ ದರಿ, ಇತ್ತ ಪುಲಿ. ರಾಜ, ರಾಣಿ ಎಲ್ಲೇ ಇರಲಿ, ನೀವು ಕಳೆದುಕೊಳ್ಳುವುದು ಒಂದೇ ಟ್ರಿಕ್. ಮೊದಲ ಎಲೆಯಾಗಿ ಕ್ಲಬ್ಬೇ ಬಂದಿದ್ದರೆ ಈ ಬಲೆ ಹೆಣೆಯಲು ಸಮಯ ಸಿಗುತ್ತಿರಲಿಲ್ಲ. ಆಗ ಮೊದಲು ಹೇಳಿದ ನಾಲ್ಕರಲ್ಲಿ ಮೂರರ ಲೆಕ್ಕವೇ ಗತಿ. ತುರುಫು ನಾಲ್ಕೂ ಒಂದೇ ಕೈಯಲ್ಲಿ ಇದ್ದರೂ ಕಷ್ಟವೇ, ಆದರೆ ಅದು ಹತ್ತರಲ್ಲಿ ಒಂದು ಸಲದ ಮಾತು.

ಆದ್ದರಿಂದ ಭಾವನವರ ಹತ್ತಿರ ಕ್ಷಮೆ ಕೇಳಿ, ಬಿಡ್ಡಿಗಲ್ಲ, ಆ ಮೂರನೆಯ ಡೈಮಂಡಿಗೆ. ಮುಂದಿನ ವಾರವೂ ಇಂಥದೇ ಕೈ ಬಂದರೆ ಆರು ಹಾರ್ಟ್ಸ್ ಎಂದೇ ಕೂಗಿ.